ಸಾವಿರದ ಏಳುನೂರು ಪುಟಗಳ ಪಾರಾಯಣ

ಕೆಲವರು ಕಾಶಿ ರಾಮೇಶ್ವರ ಎಲ್ಲ ಸುತ್ತಿ ಬಂದರೂ ಹೇಳಿಕೊಳ್ಳುವಂಥದ್ದು ಏನೂ ನಡೆದಿರುವುದಿಲ್ಲ. ನನ್ನ ಹಣೆಬರಹ ಬೇರೆ. ಜಗಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಸುಮ್ಮನೆ ಒಂದು ಪುಸ್ತಕ ಬಿಚ್ಚಿದರೂ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಒಂದೇ ಪುಸ್ತಕದಿಂದ, ಎಂಟೇ ತಿಂಗಳಲ್ಲಿ, ಇಷ್ಟೆಲ್ಲ ಆಯಿತೆಂದರೆ ಈಗ ನನಗೇ ನಂಬಲು ಕಷ್ಟ.

ಅದು ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಸ್ಸಿಳಿದು ಮನೆಗೆ ನಡೆಯುವಾಗ ಎದುರಿಗೆ ಮನುಷ್ಯರಿಗಿಂತ ಎಮ್ಮೆಗಳು ಜಾಸ್ತಿ ಸಿಗುತ್ತಿದ್ದವು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಅಮ್ಮ, ಹೆಂಡತಿ, ನಾನು. ಬೀದಿಯಲ್ಲೂ ಕಚೇರಿಯಲ್ಲೂ ನನಗೊಂದು ಹೆಸರಿತ್ತು. ಹಿಡಿದದ್ದನ್ನು ಮುಗಿಸದವನು ಎಂದು. ಪಿಟೀಲು ಕಲಿಯಲು ಹೋಗಿ ಸರಳೆ ವರಸೆಯಲ್ಲೇ ಕೈ ಬಿಟ್ಟಿದ್ದೆ. ಹಿಂದಿ ಪರೀಕ್ಷೆಗೆ ಕಟ್ಟಿ ಬೆಳಗಿನ ಪತ್ರಿಕೆ ಬರೆದು ಮಧ್ಯಾಹ್ನದ್ದಕ್ಕೆ ಹೋಗಲಿಲ್ಲ. ಹಿತ್ತಲಲ್ಲಿ ತೋಡಿಸಿದ ಬಾವಿ ಹದಿನೈದು ಅಡಿಗೆ ನಿಂತು, ಈಗ ಅದರಲ್ಲಿ ಹೆಂಡತಿ ತೆಂಗಿನ ಗರಿ ಹಾಕುತ್ತಿದ್ದಳು.

"ಮದುವೇಲಿ ಮೂರು ಗಂಟೂ ಹಾಕಿದ್ರಲ್ಲ, ಅದೇ ನನ್ನ ಪುಣ್ಯ," ಎನ್ನುತ್ತಿದ್ದಳು ಅವಳು. "ಅದೂ ಪುರೋಹಿತರು ನಿಮ್ಮ ಕೈ ಬಿಡದೇ ಹಿಡ್ಕೊಂಡಿದ್ದಕ್ಕೆ."

ಹರಕೆ

ನಮ್ಮ ಕಚೇರಿಯ ಸೂಪರಿಂಟೆಂಡೆಂಟರ ಹತ್ತಿರ ಒಂದು ಕಾದಂಬರಿ ಇತ್ತು. ಕಂಪನಿಯವರ ಹಡಗು ನಮ್ಮ ದಡಕ್ಕೆ ಬಂದು ನಿಂತ ದಿನದಿಂದ ಹಿಡಿದು ಸ್ವಾತಂತ್ರ್ಯದ ದಿನದವರೆಗೆ ಒಂದೇ ಮನೆತನದ ಕಥೆ. ಮೂರು ಸಂಪುಟ, ಸಾವಿರದ ಏಳುನೂರು ಪುಟ. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ಮೂರನ್ನೂ ತಂದು ಮೇಜಿನ ಮೇಲೆ ಜೋಡಿಸಿದರು.

"ನಾನು ಮೂರು ಸಲ ಓದಿದೀನಿ ಕಣ್ರೀ. ಈ ಸೆಕ್ಷನ್‌ನಲ್ಲಿ ಇನ್ನೊಬ್ಬರು ಒಂದೇ ಒಂದು ಸಲ ಓದಿ ಮುಗಿಸ್ಲಿ, ನೋಡೋಣ."

ಎಲ್ಲರೂ ಮೊಸರನ್ನದ ಡಬ್ಬಿಯಲ್ಲಿ ತಲೆ ತೂರಿಸಿದರು. ನಾನು ಕೈ ಎತ್ತಿದೆ. ಯಾಕೆ ಎತ್ತಿದೆನೋ ಇವತ್ತಿಗೂ ಗೊತ್ತಿಲ್ಲ.

"ನೀವಾ?" ಎಂದರು ಸೂಪರಿಂಟೆಂಡೆಂಟರು. "ನೀವು ಬರೆಯೋ ನೋಟೇ ಅರ್ಧಕ್ಕೆ ನಿಂತಿರುತ್ತಲ್ರೀ. ಸರಿ, ತಗೊಂಡ್ಹೋಗಿ. ಮುಗಿಸಿದ್ರೆ ನಾನೇ ನಿಮ್ಮನೆಗೆ ಬಂದು ನಾಲ್ಕು ಜನರ ಮುಂದೆ ಹಾರ ಹಾಕ್ತೀನಿ. ಮುಗಿಸ್ಲಿಲ್ಲ ಅಂದ್ರೆ ಇದೇ ಸೆಕ್ಷನ್ ಮುಂದೆ ನಿಂತ್ಕೊಂಡು, ‘ನನ್ನ ಕೈಲಿ ಯಾವುದೂ ಮುಗಿಯಲ್ಲ’ ಅಂತ ನೀವೇ ಹೇಳ್ಬೇಕು."

ಇಡೀ ಸೆಕ್ಷನ್ ನಕ್ಕಿತು. ನನಗೆ ಮೈ ಉರಿಯಿತು. ಮೂವತ್ತನಾಲ್ಕು ವರ್ಷ ವಯಸ್ಸಾಗಿ, ಮುಗಿಸಿದ್ದು ಇದು ಎಂದು ತೋರಿಸಲು ಒಂದೂ ಇಲ್ಲವಲ್ಲ ಎಂಬ ಸಂಕಟ ನನಗೇನೂ ಕಡಿಮೆ ಇರಲಿಲ್ಲ. ಮೂರು ಸಂಪುಟಗಳನ್ನೂ ಕೈಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ನಿಂತೇ ಮನೆಗೆ ಬಂದೆ.

ಅಮ್ಮ ಚೀಲ ಎತ್ತಿ ನೋಡಿ, "ಏನೋ ಇದು, ಇಟ್ಟಿಗೆನಾ? ಬಾವಿಗಾ?" ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ನೆಟ್ಟಗೆ ದೇವರ ಮನೆಗೆ ಹೋಗಿ ಕೈಮುಗಿದು ನಿಂತಳು. ಬೇರೆ ತಾಯಂದಿರು ಮಗನಿಗೆ ಕೆಲಸ ಸಿಗಲಿ, ಸಂತಾನವಾಗಲಿ ಎಂದು ಹರಕೆ ಹೊರುತ್ತಾರೆ. ನನ್ನಮ್ಮ ಗಟ್ಟಿಯಾಗಿಯೇ ಹೇಳಿದಳು: "ತಾಯಿ ಬನಶಂಕರಿ, ನನ್ನ ಮಗ ಈ ಕಾದಂಬರಿ ಮುಗಿಸಿಬಿಟ್ರೆ ನಿನ್ನ ಗುಡಿಗೆ ನೂರೆಂಟು ಪ್ರದಕ್ಷಿಣೆ."

"ಯಾರು ಹಾಕೋದಮ್ಮ, ನಾನಾ?" ಎಂದೆ.

"ನೀನ್ಯಾಕೋ? ನೀನು ಐವತ್ತಕ್ಕೇ ಬಿಟ್ಟು ಬರ್ತೀಯ. ನಾನೇ ಹಾಕ್ತೀನಿ."

ಈಳಿಗೆಮಣೆ

ಮೊದಲ ನಲವತ್ತೆಂಟು ಪುಟ ಸರಾಗವಾಗಿ ಹೋಯಿತು. ಹಡಗು ಬಂತು, ಮೆಣಸು ಏಲಕ್ಕಿ ಕೊಂಡರು, ರಾಜರಿಗೆ ಗಡಿಯಾರ ಕಾಣಿಕೆ ಕೊಟ್ಟರು. ನಲವತ್ತೊಂಬತ್ತನೇ ಪುಟ ತಿರುವಲು ಹೋದರೆ ಬರಲಿಲ್ಲ. ಆಗಿನ ಕಾಲದ ಕೆಲವು ಪುಸ್ತಕಗಳಲ್ಲಿ ಹಾಳೆಗಳನ್ನು ಮಡಿಸಿ ಹೊಲಿದು, ಅಂಚನ್ನು ಕತ್ತರಿಸದೆ ಹಾಗೇ ಬಿಟ್ಟಿರುತ್ತಿದ್ದರು. ಓದುವವನೇ ಚಾಕುವಿನಿಂದ ಸೀಳಿಕೊಂಡು ಮುಂದೆ ಹೋಗಬೇಕು. ನೋಡಿದರೆ ಅಲ್ಲಿಂದ ಮುಂದೆ ಮೂರನೇ ಸಂಪುಟದ ಕೊನೆಯವರೆಗೆ ಒಂದು ಹಾಳೆಯನ್ನೂ ಯಾರೂ ಸೀಳಿರಲಿಲ್ಲ.

ಹೆಂಡತಿ ಅಡುಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಪುಸ್ತಕ ತೋರಿಸಿದೆ.

"ನಿಮ್ಮ ಸಾಹೇಬ್ರು ಮೂರು ಸಲ ಓದಿದಾರೆ ಅಂದ್ರಲ್ಲ?"

"ಓದಿದಾರೆ."

"ಹೇಗೆ, ಇರುವೆ ಥರ ಒಳಗೆ ನುಗ್ಗಿ ಓದಿದ್ರಾ?" ಎಂದು ಪುಸ್ತಕವನ್ನು ಕಿತ್ತುಕೊಂಡಳು. ಒಂದು ಕಾಯಿ, ಒಂದು ಹಾಳೆ, ಒಂದು ಕಾಯಿ, ಒಂದು ಹಾಳೆ ಎಂದು ಹೆಚ್ಚುತ್ತಾ ಕೂತಳು. ಅವಳ ಕೈ ಬಲು ಚೊಕ್ಕ. ಒಂದು ವಾರದೊಳಗೆ ಮೊದಲ ಸಂಪುಟ ಪೂರ್ತಿ ಬಿಡಿಸಿ ಕೊಟ್ಟಳು. ಪ್ಲಾಸಿ ಯುದ್ಧದ ಪುಟಗಳಿಂದ ಮಾತ್ರ ಇವತ್ತಿಗೂ ಈರುಳ್ಳಿ ವಾಸನೆ ಹೋಗಿಲ್ಲ.

ಹಾಳೆ ಸೀಳಿಲ್ಲದ್ದು ಕಂಡ ಮಾರನೇ ದಿನವೇ ಕಚೇರಿಯಲ್ಲಿ ಸೂಪರಿಂಟೆಂಡೆಂಟರು ಕೇಳಿದರು, "ಎಲ್ಲೀವರೆಗೆ ಬಂತ್ರೀ?"

"ನಲವತ್ತೊಂಬತ್ತು ಸಾರ್."

"ಆಹಾ! ಅಲ್ಲಿಂದ ಮುಂದೇನೇ ಇರೋದು ಮಜಾ. ಆ ಭಾಗ ನನಗೆ ಬಾಯಿಪಾಠ."

"ಹೌದು ಸಾರ್," ಎಂದೆ. "ಎಷ್ಟು ಜೋಪಾನವಾಗಿ ಓದಿದೀರಿ ಅಂದ್ರೆ, ಯಾರೂ ಮುಟ್ಟೇ ಇಲ್ಲವೇನೋ ಅನ್ನೋ ಹಾಗಿದೆ."

ಶುಭ ಬರುವವರೆಗೆ

ಅಮ್ಮನಿಗೆ ಓದು ಬರದು. ಆದರೆ ಹರಕೆ ಹೊತ್ತವಳು ಅವಳು. ನಾನು ನಿಜವಾಗಿ ಓದುತ್ತೇನೋ, ಬರೀ ಪುಟ ತಿರುವುತ್ತೇನೋ ತಿಳಿಯಬೇಕಲ್ಲ. ಅದಕ್ಕೇ, "ಗಟ್ಟಿಯಾಗಿ ಓದು," ಎಂದು ಅಪ್ಪಣೆ ಮಾಡಿದಳು. ದಿನಾ ಸಂಜೆ ಆರಕ್ಕೆ ಜಗಲಿಯ ಮೇಲೆ ಓದು ಶುರುವಾಯಿತು. ಮೊದಲ ವಾರ ಅಮ್ಮ ಒಬ್ಬಳೇ. ಎರಡನೇ ವಾರ ಎದುರುಮನೆಯ ಪಿಂಚಣಿದಾರರು ಹೆಂಡತಿಯ ಸಮೇತ ಬಂದರು. ತಿಂಗಳಾಗುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಾಳೆಲೆ ಒರೆಸುತ್ತಲೋ ಹೂವು ಕಟ್ಟುತ್ತಲೋ ಅಲ್ಲೇ ಕೂರುತ್ತಿದ್ದರು.

ಪುರಾಣ ಕೇಳಿ ಅಭ್ಯಾಸವಾದ ಜನ. ಪುರಾಣ ಓದುವಾಗ ಸಾವು ನೋವಿನಲ್ಲಿ ಪುಸ್ತಕ ಮುಚ್ಚುವ ಹಾಗಿಲ್ಲ. ಮದುವೆಯೋ, ಮಗು ಹುಟ್ಟುವುದೋ, ಪಟ್ಟಾಭಿಷೇಕವೋ, ಏನಾದರೊಂದು ಶುಭ ಬಂದ ಮೇಲೆ ನಿಲ್ಲಿಸಿ ಮಂಗಳಾರತಿ ಎತ್ತಬೇಕು. ಆ ಕಟ್ಟಳೆಯನ್ನು ಅವರು ಹಾಗೇ ನನ್ನ ಕಾದಂಬರಿಗೂ ಹಚ್ಚಿದರು. ಮೊದಲ ಸಂಪುಟದಲ್ಲಿ ತೊಂದರೆಯಾಗಲಿಲ್ಲ, ಮದುವೆಗಳು ಬೇಕಾದಷ್ಟಿದ್ದವು. ಎರಡನೇ ಸಂಪುಟದಲ್ಲಿ ಬರಗಾಲ ಬಂತು.

ಅವತ್ತು ಶನಿವಾರ. ಅರ್ಧ ದಿನ ಕಚೇರಿಯಾದ್ದರಿಂದ ಮೂರು ಗಂಟೆಗೇ ಓದಲು ಕೂತಿದ್ದೆ. ಇಪ್ಪತ್ತು ಪುಟ ಓದಿ ನೀರು ಕುಡಿಯಲು ನಿಲ್ಲಿಸಿದೆ.

"ನಿಲ್ಲಿಸ್ಬೇಡ್ವೋ!" ಎಂದು ಅಮ್ಮ ಕೂಗಿದಳು. "ಹೆಣ ಇನ್ನೂ ಅಂಗಳದಲ್ಲೇ ಇದೆ."

ಮುಂದೆ ಓದಿದೆ. ಹೆಣ ಎತ್ತಿದರು, ಎತ್ತಿದವನೇ ಸತ್ತ. ದನ ಸತ್ತವು. ಕಂದಾಯಕ್ಕೆ ಮನೆ ಹರಾಜಾಯಿತು. ನಲವತ್ತು ಪುಟವಾಯಿತು, ಅರವತ್ತಾಯಿತು. ನನ್ನ ಗಂಟಲು ಕಟ್ಟಿತು. ಒಳಗೆ ಹುಳಿ ತಳ ಹತ್ತಿತು, ಎದ್ದು ಹೋಗಿ ಇಳಿಸಲು ಹೆಂಡತಿಗೂ ಮನಸ್ಸು ಬರಲಿಲ್ಲ. ಮುಂದಿನ ಪುಟಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದೆ, ಎಲ್ಲೂ ಒಂದು ಸೀಮಂತ ಕೂಡ ಕಾಣಲಿಲ್ಲ. ಕಡೆಗೆ ಎಂಬತ್ತೊಂದನೇ ಪುಟಕ್ಕೆ ಒಂದು ಸಾಲು ಸಿಕ್ಕಿತು. ಕಂದಾಯವನ್ನು ಚೆನ್ನಾಗಿ ವಸೂಲು ಮಾಡಿದ್ದಕ್ಕೆ ಕಂಪನಿಯ ಸಾಹೇಬನಿಗೆ ಬಡ್ತಿಯಾಯಿತು.

"ನಿಲ್ಲಿಸಲಾ?" ಎಂದೆ, ದೈನ್ಯದಿಂದ.

"ಆ ಪಾಪಿ ಬಡ್ತೀಗೆ ನಾವು ಆರತಿ ಎತ್ತೋದಾ?" ಎಂದು ನನ್ನ ಹೆಂಡತಿ ಸಿಡಿದಳು. ಹೆಂಗಸರೆಲ್ಲ ಅವಳ ಕಡೆಗೇ. ಆಗ ಎದುರುಮನೆಯ ಪಿಂಚಣಿದಾರರು ಎದ್ದು ನಿಂತರು. ಮೂವತ್ತೊಂದು ವರ್ಷ ಸರ್ಕಾರದ ಸೇವೆ ಮಾಡಿ, ಸೇರಿದ ಹುದ್ದೆಯಲ್ಲೇ ನಿವೃತ್ತರಾದವರು ಅವರು.

"ಇಲ್ಲಮ್ಮ," ಎಂದರು. "ಯಾರದ್ದೇ ಆಗಲಿ, ಪ್ರಮೋಷನ್ ಪ್ರಮೋಷನ್ನೇ. ಅದಕ್ಕಿಂತ ಶುಭ ಪ್ರಪಂಚದಲ್ಲಿ ಇನ್ಯಾವ್ದಿದೆ? ಆರತಿ ಎತ್ತಿ."

ಅಮ್ಮ ಆರತಿ ಎತ್ತಿದಳು. ಕಂಪನಿ ಸಾಹೇಬನ ಬಡ್ತಿಗೆ ಕರ್ಪೂರ ಹಚ್ಚಿದ ಬೀದಿ ಇಡೀ ದೇಶದಲ್ಲಿ ನಮ್ಮದೊಂದೇ ಇರಬೇಕು.

ಸರಪಳಿ

ಸಾರಕ್ಕಿಯಿಂದ ಒಬ್ಬ ಹಾಲಿನವನು ಎಮ್ಮೆಯನ್ನೇ ಹೊಡೆದುಕೊಂಡು ಬಂದು ಮನೆ ಬಾಗಿಲಲ್ಲಿ ಹಾಲು ಕರೆದು ಕೊಡುತ್ತಿದ್ದ. ಸಂಜೆಯ ಪಾಳಿ ನನ್ನ ಓದಿನ ಹೊತ್ತಿಗೇ ಬೀಳುತ್ತಿತ್ತು. ಕರೆದು ಮುಗಿದ ಮೇಲೂ ಎಮ್ಮೆಯ ಬೆನ್ನಿಗೆ ಒರಗಿಕೊಂಡು ನಿಂತು ಕೇಳುತ್ತಿದ್ದ. ಅವನ ಊರಿನ ಹೊಲಗಳನ್ನೂ ಬಡಾವಣೆಗೆ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು. ಹಾಗಾಗಿ ನೆಲದ ಮಾತು ಬಂದಾಗ ಅವನ ಕಿವಿ ನೆಟ್ಟಗಾಗುತ್ತಿತ್ತು.

ಒಂದು ಸಂಜೆ ಬಂದ ಅಧ್ಯಾಯದಲ್ಲಿ ಕಂಪನಿಯವರು ಹೊಲ ಅಳೆಯಲು ಸರಪಳಿ ತರುತ್ತಾರೆ. ಮುದುಕ ರೈತ ಆ ಸರಪಳಿಯ ಮೇಲೆ ಕೂತುಬಿಡುತ್ತಾನೆ, ಏಳುವುದೇ ಇಲ್ಲ. ಹಾಲಿನವನು ಅವತ್ತು ಅಧ್ಯಾಯ ಮುಗಿದದ್ದೇ ಎಮ್ಮೆ ಹೊಡೆದುಕೊಂಡು ಹೊರಟುಹೋದ.

ಮಾರನೇ ಬೆಳಗ್ಗೆ ಬೀದಿಯಲ್ಲಿ ಗದ್ದಲ. ಎದುರುಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಇಬ್ಬರು ಅಳತೆಯ ಸರಪಳಿ ಎಳೆದು ಗೂಟ ಹೊಡೆಯುತ್ತಿದ್ದರು. ಸರಪಳಿಯ ನಟ್ಟನಡುವೆ ನಮ್ಮ ಹಾಲಿನವನು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಪಕ್ಕದಲ್ಲಿ ಎಮ್ಮೆ ನಿಂತಿತ್ತು.

"ಅಳೀರಿ, ಅಳೀರಿ! ಅಳ್ದೋರೆಲ್ಲ ಎಲ್ಲೋದ್ರು? ಇದೇ ಮಣ್ಣಾಗೆ ಮಣ್ಣಾಗೋದ್ರು!" ಎಂದು ಕೂಗುತ್ತಿದ್ದ. ಹಿಂದಿನ ಸಂಜೆ ನಾನು ಓದಿದ ಮಾತು, ಸ್ವಲ್ಪ ಸಾರಕ್ಕಿ ಸೇರಿತ್ತು ಅಷ್ಟೆ.

ಬಂದವರು ಕಂಗಾಲು. "ಅಣ್ಣಾ, ಇದು ನಿನ್ನ ಜಮೀನಾ?"

"ಅಲ್ಲ."

"ಮತ್ತೆ?"

"ನನ್ನ ಎಮ್ಮೆ ಮೇಯಾದು ಇಲ್ಲೇಯ."

"ಅಯ್ಯೋ ಮಾರಾಯ, ನಾವು ಬೀದಿ ದೀಪದ ಕಂಬಕ್ಕೆ ಗುರುತು ಮಾಡ್ತಿದೀವಿ."

ಹಾಲಿನವನು ಯೋಚಿಸಿದ. "ಕಂಬ ಅಂದ್ರೆ ಸರಿ ಬುಡಿ. ಆದ್ರೆ ಎಮ್ಮೆ ಮೇಯೋ ತಾವು ಬ್ಯಾಡ. ಅಕಾ, ಆ ಸೋಮಿ ಮನೆ ಮುಂದ್ಕೆ ನೆಡಿ. ಓದ್ಕಂತವ್ರೆ, ಬೆಳಕು ಬೇಕು."

ಅವರಿಗೂ ಬೇಗ ಮುಗಿದರೆ ಸಾಕಾಗಿತ್ತು. ಗೂಟ ಕಿತ್ತು ತಂದು ನಮ್ಮ ಗೇಟಿನ ಪಕ್ಕ ಹೊಡೆದರು. ತಿಂಗಳೊಳಗೆ ಕಂಬ ಬಂತು, ದೀಪವೂ ಬಂತು. ಕಾದಂಬರಿಯ ಮುದುಕ ಸರಪಳಿಯ ಮೇಲೆ ಕೂತು ಸೆರೆಮನೆ ಸೇರಿದ್ದ, ನಮ್ಮವನು ಬೀದಿಗೆ ಬೆಳಕು ತಂದ. ದೀಪ ಹೊತ್ತಿದ ಸಂಜೆ ಪಿಂಚಣಿದಾರರು ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದರು.

"ಸ್ವಾಮಿ, ನಲ್ಲಿ ನೀರಿಗೆ ಸಂಬಂಧಪಟ್ಟ ಅಧ್ಯಾಯ ಯಾವ್ದಾದ್ರೂ ಇದ್ರೆ, ಅದನ್ನೂ ಒಂದು ಸಲ ಗಟ್ಟಿಯಾಗಿ ಓದಿಬಿಡಿ."

ನಲವತ್ತು ಪುಟ

ಮೂರನೇ ಸಂಪುಟದ ನಡುವೆ ನನ್ನ ಹಳೇ ರೋಗ ಮರುಕಳಿಸಿತು. ಸಾವಿರದ ಮುನ್ನೂರು ಪುಟ ಆಗಿತ್ತು, ಬಿಳಿಯರು ಇನ್ನೂ ಹೊರಡುವ ಸೂಚನೆಯೇ ಇರಲಿಲ್ಲ. ಪಿಂಚಣಿದಾರರ ಹೆಂಡತಿ, "ನಾವು ಕಳಿಸಿ ಇಷ್ಟು ವರ್ಷ ಆಯ್ತು, ಇವನ್ಯಾಕೆ ಇನ್ನೂ ಇಟ್ಕೊಂಡಿದಾನೆ?" ಎಂದು ಬರೆದವನನ್ನು ಬೈಯುತ್ತಿದ್ದರು. ನನಗೂ ಸಾಕುಸಾಕಾಗಿತ್ತು. ನಿಲ್ಲಿಸಿಬಿಡೋಣ, ಸೆಕ್ಷನ್ ಮುಂದೆ ನಿಂತು ಹೇಳಿಬಿಡೋಣ ಎಂದು ಎರಡು ರಾತ್ರಿ ಹೊರಳಾಡಿದೆ. ಆಮೇಲೆ ಅದಕ್ಕಿಂತ ಸುಲಭವಾದ ದಾರಿ ಹೊಳೆಯಿತು. ಈ ಸಂಪುಟದ ಹಾಳೆಗಳನ್ನು ದಿನದಿನಕ್ಕೆ ನಾನೇ ಸೀಳಿಕೊಳ್ಳುತ್ತಿದ್ದೆ. ನಲವತ್ತು ಪುಟ ಹಾರಿಸಿ ಓದಿದೆ. ಯಾರಿಗೆ ಗೊತ್ತಾಗುತ್ತದೆ?

ಎರಡು ನಿಮಿಷವೂ ಆಗಿರಲಿಲ್ಲ.

"ತಾಳು," ಎಂದಳು ಅಮ್ಮ. "ನಿನ್ನೆ ಆ ಹುಡುಗೀಗೆ ಏಳು ತಿಂಗಳಾಗಿತ್ತು. ಇವತ್ತು ಅವಳ ಮಗು ಸ್ಲೇಟು ಹಿಡ್ಕೊಂಡು ಶಾಲೆಗೆ ಹೊರಟಿದೆಯಲ್ಲೋ?"

"ಕಥೇಲಿ ಹಾಗೇ ಇದೆಯಮ್ಮ."

"ಹೆರಿಗೆ ಎಲ್ಲಾಯ್ತು?"

"ನಾಮಕರಣ?" ಎಂದರು ಪಿಂಚಣಿದಾರರ ಹೆಂಡತಿ.

"ಬಾಣಂತಿ ಸ್ನಾನ ಯಾರು ಮಾಡ್ಸಿದ್ರು?" ಎಂದರು ಹೂವು ಕಟ್ಟುತ್ತಿದ್ದ ಇನ್ನೊಬ್ಬರು.

ಹೆಂಡತಿ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಸೀಳದೆ ಬಿಟ್ಟ ಹಾಳೆಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ನಾಚಿಕೆಯಿಂದ ಕುಗ್ಗಿಹೋದೆ. ಅವಳೇ ಒಳಗೆ ಹೋಗಿ ಸೀಳಿಕೊಂಡು ಬಂದಳು. ಬಿಟ್ಟ ಜಾಗದಿಂದ ಮತ್ತೆ ಓದಿದೆ. ಹುಡುಗಿಯನ್ನು ಚಳವಳಿಯಲ್ಲಿ ಹಿಡಿದಿದ್ದರು, ಸೆರೆಮನೆಯಲ್ಲೇ ಹೆರಿಗೆಯಾಯಿತು. ಹಾಸಲು ಬಟ್ಟೆಯಿಲ್ಲದೆ ಅಲ್ಲಿದ್ದ ಹೆಂಗಸರು ತಮ್ಮ ಸೀರೆಯ ಸೆರಗುಗಳನ್ನೇ ಹರಿದು ಕೊಟ್ಟರು. ಜಗಲಿಯಲ್ಲಿ ಒಬ್ಬರ ಕಣ್ಣೂ ಒಣಗಿರಲಿಲ್ಲ. ಇಂಥದ್ದನ್ನು ಬಿಟ್ಟು ಹೋಗಲಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಂದೆ ಒಂದು ಸಾಲನ್ನೂ ಹಾರಿಸಲಿಲ್ಲ.

ನಾಮಕರಣವನ್ನು ಮಾತ್ರ ಬರೆದವನು ನಿಜವಾಗಿಯೂ ಬರೆದಿರಲಿಲ್ಲ. ಎಷ್ಟು ಹೇಳಿದರೂ ಹೆಂಗಸರು ನಂಬಲಿಲ್ಲ. ಮಾರನೇ ದಿನ ಹಿಟ್ಟಿನ ಉಂಡೆ ಮಾಡಿ ತಂದು, ತಾವೇ ಮಾಡಿ ಮುಗಿಸಿದರು.

ಬಿಳಿಯರು ಹೊರಟ ಭಾನುವಾರ

ಎಂಟನೇ ತಿಂಗಳಿಗೆ ಕೊನೆಯ ಅಧ್ಯಾಯ ಬಂತು. ಭಾನುವಾರ ಸಂಜೆ ನಾಲ್ಕಕ್ಕೆ ಓದುವುದೆಂದು ಗೊತ್ತುಮಾಡಿ ಸೂಪರಿಂಟೆಂಡೆಂಟರಿಗೆ ಹೇಳಿದೆ. ಅವರು ನಂಬಲಿಲ್ಲ. ಆದರೂ ಸೆಕ್ಷನ್ನಿನ ನಾಲ್ಕು ಜನರನ್ನು ಕರೆದುಕೊಂಡು, ಪೇಪರಿನಲ್ಲಿ ಸುತ್ತಿದ ಹಾರ ಹಿಡಿದುಕೊಂಡು ಬಂದರು. ಅಮ್ಮ ಬೆಳಗಿನಿಂದ ಪಾನಕ, ಕೋಸಂಬರಿ ಎಂದು ಓಡಾಡಿದ್ದಳು. ಹೆಂಗಸರು ಬಾಗಿಲಿಗೆ ತೋರಣ ಕಟ್ಟಿದ್ದರು. ಜಗಲಿ ಸಾಲದೆ ಜನ ಬೀದಿಯವರೆಗೂ ಕೂತಿದ್ದರು. ಹಾಲಿನವನು ಒಗೆದ ಪಂಚೆ ಉಟ್ಟು, ಎಮ್ಮೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ.

ಇಪ್ಪತ್ತೆರಡು ಪುಟ. ಹಡಗು ಹತ್ತಲು ಬಿಳಿಯರು ಸಾಲುಗಟ್ಟಿ ನಡೆದರು. ಸೆರೆಮನೆಯಲ್ಲಿ ಹುಟ್ಟಿದ ಆ ಮಗುವೇ ದೊಡ್ಡವಳಾಗಿ ಊರಿನ ಚಾವಡಿಯ ಮುಂದೆ ಬಾವುಟದ ಹಗ್ಗ ಎಳೆದಳು. ಬಾವುಟ ಬಿಚ್ಚಿಕೊಂಡಿತು. ಕೆಳಗೆ ‘ಮುಗಿಯಿತು’ ಎಂದು ಅಚ್ಚಾಗಿತ್ತು. ಅದನ್ನೂ ಓದಿದೆ. ಒಂದು ಸಲ ಸಾಲದೆ ಎರಡು ಸಲ ಓದಿದೆ. ನನ್ನ ಜನ್ಮದಲ್ಲಿ ಆ ಪದವನ್ನು ಬಾಯಿಬಿಟ್ಟು ಹೇಳುವ ಹಕ್ಕು ನನಗೆ ಸಿಕ್ಕಿದ್ದು ಅದೇ ಮೊದಲು.

ಆಮೇಲೆ ಸೂಪರಿಂಟೆಂಡೆಂಟರು ಎದ್ದು ಬಂದು ನನ್ನ ಕೊರಳಿಗೆ ಹಾರ ಹಾಕಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಆ ಮಗು ಬದುಕುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣ್ರೀ," ಎಂದರು. ಸೆಕ್ಷನ್ನಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬೇಗ ಅವರ ಕೈ ಕುಲುಕಿದೆ. ಅಷ್ಟು ಸಂತೋಷದಲ್ಲಿ ಯಾರ ಮೇಲೂ ಏನೂ ಸಾಧಿಸಬೇಕೆನ್ನಿಸಲಿಲ್ಲ.

ಅಮ್ಮ ಮಾತ್ರ ತಡೆಯದಾದಳು. "ಮುಗಿಸ್ದ! ನನ್ನ ಮಗ ಮುಗಿಸ್ದ!" ಎಂದು ಜಾಗಟೆ ತೆಗೆದು ಬಾರಿಸತೊಡಗಿದಳು. ಹೆಂಗಸರು ಆರತಿಯ ಹಾಡು ಎತ್ತಿದರು. ಪಿಂಚಣಿದಾರರು ಗೇಟಿನ ಮುಂದೆ ಈಡುಗಾಯಿ ಹೊಡೆದರು. ಸೆಕ್ಷನ್ನಿನವರು ಜೈಕಾರ ಹಾಕಿದರು, ಹಾಲಿನವನು ಇಡೀ ಜಯನಗರಕ್ಕೆ ಕೇಳುವಂತೆ ಸಿಳ್ಳೆ ಹೊಡೆದ.

ಈ ಗದ್ದಲಕ್ಕೆ ಮೂಲೆಯಲ್ಲಿ ಹೋಗುತ್ತಿದ್ದ ಪೊಲೀಸಿನವನೊಬ್ಬ ಸೈಕಲ್ ತಿರುಗಿಸಿಕೊಂಡು ಬಂದ. ಈ ಕಡೆಗೆ ಹೊಸಬ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಜನರನ್ನು ಸರಿಸಿಕೊಂಡು ಒಳಗೆ ಬಂದು, ಜಾಗಟೆ ಹಿಡಿದಿದ್ದ ಅಮ್ಮನ ಮುಂದೆ ನಿಂತ.

"ಏನಮ್ಮ ಇದು ಗಲಾಟೆ?"

ಅಮ್ಮನ ಮುಖ ಬೆಳಗುತ್ತಿತ್ತು. ನನ್ನ ತೋಳು ಹಿಡಿದು ಅವನ ಮುಂದಕ್ಕೆ ಎಳೆದಳು.

"ನನ್ನ ಮಗ ಕಣಪ್ಪ! ಎಂಟು ತಿಂಗಳು, ದಿನಾ ಸಾಯಂಕಾಲ ಒಬ್ಬನೇ ಕೂತು, ಗಂಟ್ಲು ಹರ್ಕೊಂಡು, ಆ ಬಿಳಿಯರನ್ನೆಲ್ಲ ಕಳಿಸಿಬಿಟ್ಟ! ಒಬ್ಬನನ್ನೂ ಉಳಿಸ್ಲಿಲ್ಲ!"

ಪೊಲೀಸಿನವನು ನನ್ನನ್ನು ನೋಡಿದ. ಹಾರ ನೋಡಿದ. ತೋರಣ, ಒಡೆದ ಕಾಯಿ, ಕಣ್ಣೊರೆಸಿಕೊಳ್ಳುತ್ತಿದ್ದ ಸೂಪರಿಂಟೆಂಡೆಂಟರು, ಎಲ್ಲವನ್ನೂ ನೋಡಿದ. ಜೇಬಿನಿಂದ ಪುಸ್ತಕ, ಪೆನ್ಸಿಲ್ ತೆಗೆದ.

"ಯಾವಾಗ ಹೋದ್ರಮ್ಮ?"

"ಈಗ ತಾನೇ. ಐದು ನಿಮಿಷ ಆಗಿಲ್ಲ."

ಅವನು ಬೀದಿಯ ಈ ತುದಿ ನೋಡಿದ, ಆ ತುದಿ ನೋಡಿದ. ಪೆನ್ಸಿಲ್ಲಿನ ತುದಿಗೆ ನಾಲಿಗೆ ತಾಗಿಸಿಕೊಂಡು ಕೇಳಿದ.

"ಎಷ್ಟು ಜನ ಇದ್ರು? ಯಾವ ಕಡೆ ಹೋದ್ರು?"

ಅಮ್ಮ ಜಾಗಟೆ ಕೆಳಗಿಟ್ಟು, ದೊಡ್ಡ ಲೋಟದ ತುಂಬ ಪಾನಕ ಬಗ್ಗಿಸಿ ಅವನ ಕೈಗೆ ಕೊಟ್ಟಳು.

"ಅದೆಲ್ಲ ಈಗ್ಯಾಕಪ್ಪ, ಹೋದ್ರಲ್ಲ, ಹೋಗ್ಲಿ ಬಿಡು. ನೀನು ಪಾನಕ ಕುಡಿ."